ತಿಲಕನಿಗೆ ಮರಳಿ ಸಿಕ್ಕ ಕೆಲಸ

ಮಲ್ಪೆಯ ತಿಲಕ್ ಮುಂಬಯಿಗೆ ಬಂದದ್ದು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯಲು. ಆಮೇಲೆ ಸರಕು ಹಡಗಿನ ಅಡುಗೆಯವನಾಗಿ ಅರ್ಧ ಆಯುಷ್ಯ ನೀರಿನ ಮೇಲೇ ಕಳೆದ. ದೂರದ ಬಂದರೊಂದರಲ್ಲಿ, ಹಡಗು ಯುದ್ಧ ನಡೆಯುತ್ತಿದ್ದ ಸಮುದ್ರ ದಾಟಬೇಕೆಂದು ಆದೇಶ ಬಂದಾಗ, "ನಾನು ಬರುದಿಲ್ಲ" ಎಂದು ಇಳಿದುಬಿಟ್ಟ. ಕಂಪನಿ ಅವನನ್ನು ಮುಂಬಯಿಯ ವಡಾಲದ ಮನೆಗೆ ಕಳಿಸಿ, ತಾನಾಗಿಯೇ ಕೆಲಸ ಬಿಟ್ಟನೆಂದು ಸಾರಿತು.

ಅವನ ಜಾಗಕ್ಕೆ ಹೋದವನು ಕುಂದಾಪುರದ ಸೀನ. ಎಡಚ. ಹೋದ ದಿನವೇ ಫೋನು ಮಾಡಿದ್ದ: "ತಿಲಕಣ್ಣ, ನಿಮ್ಮ ಡಬ್ಬಗಳನ್ನೆಲ್ಲ ಎಡಕ್ಕೆ ಇಟ್ಟಿದ್ದೇನೆ, ಬೈಬೇಡಿ ಮಾರಾಯ್ರೇ."

ವಾರ ಕಳೆಯುವುದರೊಳಗೆ ಹಡಗಿಗೆ ಕ್ಷಿಪಣಿ ಬಡಿಯಿತು. ಉಳಿದವರೆಲ್ಲ ಬದುಕಿದರು. ಅಡುಗೆಮನೆಯಲ್ಲಿದ್ದ ಸೀನ, ಮುಚ್ಚಿದ್ದ ಬಾಗಿಲು ತೆರೆಯಲಾಗದೆ, ಒಳಗೇ ಸುಟ್ಟುಹೋದ.

ಇತ್ತ ತಿಲಕನಿಗೆ ಯಾವ ಹಡಗೂ ಸಿಗಲಿಲ್ಲ. ಕೊನೆಗೆ ಫೋರ್ಟಿನಲ್ಲಿ ನಾವಿಕರ ಯೂನಿಯನ್ನಿನ ವಕೀಲೆ ಅನುರಾಧಾ ಅವನ ಕೇಸು ಹಿಡಿದಳು. ಕಲಬುರಗಿ ಕಡೆಯ ಹೆಣ್ಣುಮಗಳು, ಗಟ್ಟಿ ಮಾತು.

"ಯುದ್ಧದಾಗ ಬರಾಂಗಿಲ್ಲ ಅನ್ನೂದು ನಿಮ್ಮ ಹಕ್ಕು. ಅದು ರಾಜೀನಾಮಿ ಅಲ್ರೀ. ನಿಮ್ಮ ಕೆಲಸ ನಿಮಗ ವಾಪಸ್ ಬರಬೇಕು."

ಬಂತು. ಅದೇ ಕೆಲಸ, ದುರಸ್ತಿಯಾಗಿ ಮುಂಬಯಿ ಬಂದರಿಗೆ ಬಂದು ನಿಂತಿದ್ದ ಅದೇ ಹಡಗು.

ಮಟಮಟ ಮಧ್ಯಾಹ್ನ ತಿಲಕ್ ಹಡಗು ಹತ್ತಿದ. ಅಡುಗೆಮನೆಗೆ ಹೊಸ ಬಣ್ಣ, ಹೊಸ ಒಲೆ, ಹೊಸ ಡಬ್ಬಗಳು. ಆದರೆ ಉಪ್ಪು, ಮೆಣಸು, ಎಣ್ಣೆ ಎಲ್ಲವೂ ಎಡಗಡೆ. ಯಾರು ಜೋಡಿಸಿದ್ದೆಂದು ಹಳೇ ಖಲಾಸಿ ಅಮೋಲನನ್ನು ಕೇಳಿದರೆ, ಬೀಗ ತೆಗೆದದ್ದೇ ಈಗ ಎಂದ. ತಿಲಕ್ ಎಲ್ಲವನ್ನೂ ಬಲಕ್ಕೆ ಸರಿಸಿ ಚಹಾಕ್ಕೆ ನೀರಿಟ್ಟ.

"ಸೀನಾಭಾಯ್, ಶಕ್ಕರ್ ಕಮ್," ಎಂದ ಅಮೋಲ್. ಅಂದವನೇ ಬೆಚ್ಚಿ ಬಾಯಿ ಮುಚ್ಚಿಕೊಂಡ.

ತಿಲಕನ ಮೈ ತಣ್ಣಗಾದದ್ದು ಆ ಹೆಸರಿಗಲ್ಲ. ತಾನು ಅದಕ್ಕೆ "ಆಯ್ತು" ಎಂದಿದ್ದ. ಸಕ್ಕರೆಯ ಚಮಚ ಅವನ ಎಡಗೈಯಲ್ಲಿತ್ತು.

ಒಲೆ ಆರಿಸಿ, ನೇರ ಫೋರ್ಟಿಗೆ ಹೋಗಿ ಅನುರಾಧಾಳ ಎದುರು ಕೂತು ನಡೆದದ್ದನ್ನು ಹೇಳಿದ. "ನೀವು ನನ್ನ ಜಾಗ ಕೊಡಿಸಿದಿರಿ ಮೇಡಂ. ಆದರೆ ಅದು ಖಾಲಿ ಇಲ್ಲ."

ಅವಳು ನಗಲಿಲ್ಲ. ಅವನ ಎಡಗೈಯನ್ನೊಮ್ಮೆ ನೋಡಿ, "ಕೋರ್ಟಿನಾಗ ಇದನ್ನ ಹೇಳಾಕ ಬರಂಗಿಲ್ಲ. ಬ್ಯಾರೆ ಹಡಗು ಕೇಳೂಣು," ಎಂದಳು.

ಕಂಪನಿ ಮರುಮಾತಿಲ್ಲದೆ ಒಪ್ಪಿತು. ಈಗ ತಿಲಕ್ ಕೊಚ್ಚಿಗೆ ಹೋಗಿಬರುವ ಸಣ್ಣ ಹಡಗಿನಲ್ಲಿ ಅಡುಗೆ ಮಾಡುತ್ತಾನೆ. ಸಮುದ್ರ ಎಷ್ಟು ಉಕ್ಕಿದರೂ ಅಡುಗೆಮನೆಯ ಬಾಗಿಲು ಮುಚ್ಚಲು ಮಾತ್ರ ಯಾರಿಗೂ ಬಿಡುವುದಿಲ್ಲ.