ಎಣಿಸದೆ ಮುಚ್ಚಿದ ಬಾಗಿಲು

ಬ್ಯಾರನ್ ಎಂಬ ಬಿಸಿಗೂಡುಗಳಲ್ಲಿ ಹೊಗೆಸೊಪ್ಪು ಒಣಗಿಸಿ ಬೇಯಿಸುವ ಕಾಲದಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ಕಿಟಕಿಯಿಂದ ಒಂದು ಸಿಹಿ ಘಾಟು ಒಳಗೆ ಬರುತ್ತದೆ. ಹೊಸಬರು ಮೂಗರಳಿಸುತ್ತಾರೆ. ಇವತ್ತು ಬೆಳಿಗ್ಗೆ ಅದು ಬಂದಾಗ ನಾನು ಅಂಗೈ ಮುಚ್ಚಿಕೊಂಡೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ವಿಪತ್ತು ನಿರ್ವಹಣೆಯ ಸ್ವಯಂಸೇವಕನಾದದ್ದು ಸೇವೆಯ ಹುಮ್ಮಸ್ಸಿನಿಂದಲ್ಲ. ಪಂಚಾಯಿತಿಯಲ್ಲಿ "ಯಾರು ಬರ್ತೀರಿ?" ಎಂದು ಕೇಳಿದಾಗ ಉಳಿದವರು ನೆಲ ನೋಡಿದರು, ನಾನು ಸ್ವಯಂಸೇವಕರಿಗೆ ಕೊಡುವ ಕಿತ್ತಳೆ ಬಣ್ಣದ ಜಾಕೆಟ್ ನೋಡುತ್ತಿದ್ದೆ. ಸಿಕ್ಕಿಬಿದ್ದೆ. ಕಲಿಸಲು ಬಂದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬರು. "ಸೊಪ್ಪಿನ ಬ್ಯಾರನ್‌ಗೆ ಬೆಂಕಿ ಬಿತ್ತು. ಮೊದ್ಲು ಏನ್ಮಾಡ್ತೀರಿ?" ಎಂದರು. ಸೊಪ್ಪು ಬೆಳೆಯುವ ಊರಿನವರಲ್ಲವೇ ನಾವು, ಒಂದೇ ದನಿಯಲ್ಲಿ "ಬಾಗ್ಲು ತೆಗ್ದು ಸೊಪ್ಪು ಈಚೆಗೆ ಎಳೀತೀವಿ" ಎಂದೆವು. ಅವರು ಹಣೆ ಚಚ್ಚಿಕೊಂಡರು.

"ತೆಗೆದ್ರೆ ಗಾಳಿ ನುಗ್ಗಿ ಬೆಂಕಿ ಮನೆಗೇ ಬರುತ್ತೆ ಕಣ್ರೀ. ಮೊದ್ಲು ಜನ ಎಣ್ಸಿ. ಆಮೇಲೆ ಬಾಗ್ಲು ಮುಚ್ಚಿ."

ಎರಡನ್ನೂ ದುಂಡಗೆ ಬರೆದುಕೊಂಡೆ. ನನ್ನ ಅಕ್ಷರ ಯಾವಾಗಲೂ ಚೆಂದ.

ವಾರ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಸೋದರತ್ತೆಯ ಮನೆಗೆ ಅಂಟಿಕೊಂಡಿದ್ದ ಬ್ಯಾರನ್ನಿನ ಮಾಡಿನಿಂದ ಕಪ್ಪು ಹೊಗೆ ಎದ್ದಿತು. ಜಾಕೆಟ್ ತೊಟ್ಟೇ ಓಡಿದೆ. ಗುಂಡಿ ಹಾಕುವುದನ್ನೂ ಬಿಡಲಿಲ್ಲ ಎಂದರೆ ನಗಬೇಡಿ. ತನ್ನ ಕೈ ತನಗೇ ಕಾಣದಷ್ಟು ಹೊಗೆಯಲ್ಲಿ ಅತ್ತೆ ಬಾಗಿಲು ತೆರೆದು ಸೊಪ್ಪಿಗೆ ಕೈ ಹಾಕಿದ್ದಳು. ಅವಳನ್ನು ಈಚೆಗೆಳೆದು, ಚಿಲಕ ಹಾಕಿ ಅಡ್ಡ ನಿಂತೆ.

"ಬುಡ್ಲಾ! ವರ್ಷದ ಸೊಪ್ಪು ಕಣ್ಲಾ!" ಎಂದು ಎದೆಗೆ ಗುದ್ದಿದಳು.

"ತೆಗೆದ್ರೆ ಮನೇನೂ ಹತ್ಕತದೆ ಅತ್ತೆ."

ಗುದ್ದು ತಿನ್ನುತ್ತಲೇ ಒಳಗೊಳಗೆ ಬೀಗುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ಕೈ ನಿಂತಿತು. ಬಾಗಿಲ ಪಕ್ಕದಲ್ಲಿ ಮಾವನ ಚಪ್ಪಲಿ. ಎಲೆ ಒಣಗಿದೆಯೇ ಎಂದು ಆಗಾಗ ಒಳಹೊಕ್ಕು ಮುಟ್ಟಿ ನೋಡುವುದು ಅವನ ಚಟ.

"ನಿಮ್ಮಾವ ಎಲ್ಲೋ?"

ನಾನು ಎಣಿಸಿರಲಿಲ್ಲ. ಮೊದಲ ಪಾಠ ಬಿಟ್ಟು ಎರಡನೆಯದಕ್ಕೇ ಹಾರಿದ್ದೆ. ಒಳಗೆ ಏನೋ ಧೊಪ್ಪನೆ ಬಿತ್ತು. ಸೊಪ್ಪು ಕಟ್ಟಿ ತೂಗುಹಾಕಿದ ಕಡ್ಡಿಯೋ, ಮನುಷ್ಯನೋ? ಮಾವನನ್ನು ನಾನೇ ಒಳಗೆ ಹಾಕಿ ಚಿಲಕ ಜಡಿದೆನೇ? ಕಾದ ಕಬ್ಬಿಣದ ಚಿಲಕಕ್ಕೆ ಕೈ ಹಾಕಿದೆ. ಅಂಗೈ ಚುರ್ರೆಂದಿತು, ಬಿಡಲಿಲ್ಲ. "ಮಾವಾ!" ಎಂದು ಕೂಗಿದ ದನಿ ನನ್ನದೇ ಎಂದು ಗೊತ್ತಾಗಲಿಲ್ಲ.

ಬೆನ್ನಿಗೆ ರಪ್ಪೆಂದು ನೀರು ಬಡಿಯಿತು. "ಯಾಕ್ಲಾ ಅಂಗ್ ಕಿರುಚ್ತೀಯ? ಸರಿ ಅತ್ಲಾಗೆ!"

ಮೋಟರ್ ಹಾಕಲು ಬರಿಗಾಲಲ್ಲೇ ಓಡಿದ್ದ ಮಾವ ಪೈಪು ಎಳೆದುಕೊಂಡು ಬಂದಿದ್ದ. ನಾನು ಚಿಲಕದಿಂದ ಕೈ ತೆಗೆದು, ಅಷ್ಟರಲ್ಲಿ ಓಡಿಬಂದಿದ್ದ ಊರವರೆದುರೇ ಅತ್ತುಬಿಟ್ಟೆ.

ಸೊಪ್ಪೆಲ್ಲ ಹೋಯಿತು, ಮನೆ ಉಳಿಯಿತು. ಊರು ನನ್ನನ್ನು ಹೊಗಳಿತು. ಚಪ್ಪಲಿಯ ವಿಷಯ ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು, ಈಗ ನಿಮಗೂ ಗೊತ್ತಾಯಿತು.

ಇವತ್ತು ಬಸ್ಸು ಹತ್ತಿದ್ದು ಹೊಸ ಸ್ವಯಂಸೇವಕರಿಗೆ ಕಲಿಸಲು. ಪಾಠಕ್ಕೆ ಮೊದಲು ತಲೆ ಎಣಿಸಿದೆ. ಇಪ್ಪತ್ತೊಂದು. ಹಿಂದಿನ ಬೆಂಚಿನಲ್ಲಿ ನನ್ನ ಎಣಿಕೆಗೆ ಸಿಗದ ಒಂದು ಕೈ ಎದ್ದಿತು. ಹೇಳದೆ ಕೇಳದೆ ಹೆಸರು ಬರೆಸಲು ಬಂದಿದ್ದ ಮಾವ, ಚಪ್ಪಲಿ ಹೊರಗೆ ಬಿಟ್ಟು ಕೂತಿದ್ದ.

"ನಾನೂ ಇಲ್ಲೇ ಇವ್ನಿ ಕಣ್ಲಾ, ಎಣಿಸ್ಕೊ."

ಮತ್ತೆ ಮೊದಲಿನಿಂದ ಎಣಿಸಿದೆ.