ಗಂಜಿಯ ಜೊತೆ ನುಂಗಿಸಿದ ಮಾತ್ರೆ

ಇವತ್ತಿಗೂ ಗಂಜಿಯ ವಾಸನೆ ಮೂಗಿಗೆ ಬಡಿದರೆ ನಾನು ಎದ್ದು ಆಚೆ ಹೋಗುತ್ತೇನೆ. ಛೀ! ಅಸಹ್ಯ ಗಂಜಿಯ ಮೇಲಲ್ಲ, ನನ್ನ ಮೇಲೆ.

ಬೋರ್‌ವೆಲ್ ಲಾರಿಯ ಕೆಲಸಕ್ಕೆಂದು ಒಡಿಶಾದ ಕಾಡಿಗೆ ಹೋಗಿದ್ದ ನನ್ನ ಗಂಡ ನಮ್ಮೂರು ಕೈಲಾಂಚಕ್ಕೆ ಮಲೇರಿಯಾ ಹೊತ್ತು ತಂದಿದ್ದ. ಒಂದರಲ್ಲೇ ಎರಡು ಔಷಧಿ ಸೇರಿಸಿದ ಹಳದಿ ಮಾತ್ರೆ ಕೊಟ್ಟ ಊರಿನ ಆಸ್ಪತ್ರೆಯ ನರ್ಸು, "ಮೂರು ದಿನ, ಬೆಳಿಗ್ಗೆ ಸಂಜೆ. ಹಾಲು ಇಲ್ಲಾ ತುಪ್ಪದನ್ನದ ಜೊತೇಲೇ ಕೊಡವ್ವ. ಜಿಡ್ಡಿಲ್ದಿದ್ರೆ ಮೈಗೆ ಹತ್ತಲ್ಲ" ಎಂದು ಎರಡೆರಡು ಸಲ ಹೇಳಿದ್ದರು. ಎರಡು ಸಲವೂ ತಲೆಯಾಡಿಸಿದ್ದೆ.

ಮನೆಯಲ್ಲಿ ಹಾಲಿನ ಮಾತೆತ್ತಿದ್ದೇ ತಡ, ಅತ್ತೆ ಮೇಲೆ ಬಿದ್ದರು. "ಜ್ವರ ಬಂದೋನ್ಗೆ ಹಾಲಾ? ನನ್ ಮಗನ್ನ ಸಾಯಿಸ್ಬುಡ್ತೀಯೇನೇ? ಪತ್ಯ ಅಂತ ಒಂದೈತೆ, ಗೊತ್ತೈತಾ?"

ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಹಾಲು ಡೈರಿಗೆ ಹೋಯಿತು. ಜಗಳ ಯಾಕೆ ಎಂದು ನಾನು ಬಾಯಿ ಮುಚ್ಚಿಕೊಂಡೆ. ಥೂ ನನ್ನ ಬಾಯಿಗೆ!

"ಒಸಿ ಹಾಲು ಕೊಡೇ, ಬಾಯೆಲ್ಲ ಕಹಿ" ಎಂದು ಗಂಡ ಕೇಳಿದ. ಲೋಳೆಲೋಳೆ ಗಂಜಿಯನ್ನೇ ತುಟಿಗಿಟ್ಟೆ. ಓಕರಿಸುತ್ತಲೇ ಮಾತ್ರೆ ನುಂಗಿದ. ಆರು ಹೊತ್ತೂ ಅದೇ ಕಥೆ.

ಜ್ವರವೇನೋ ಬಿಟ್ಟಿತು. "ನೋಡ್ದಾ, ಪತ್ಯದ್ ಮಹಿಮೆ!" ಎಂದು ಅತ್ತೆ ಬೀಗಿದರು. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಗಡಗಡ ನಡುಕ. ಎತ್ತಿಕೊಂಡು ರಾಮನಗರದ ಒಂದು ಆಸ್ಪತ್ರೆಗೆ ಓಡಿದೆವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ನನ್ನನ್ನು ಕೇಳಿದರು.

"ಮಾತ್ರೆ ಹಾಲಿನ ಜೊತೆ ಕೊಟ್ರಾ?"

ಅತ್ತೆ ಪಕ್ಕದಲ್ಲೇ ನಿಂತಿದ್ದರು.

"ಕೊಟ್ಟೆ ಸಾರ್."

"ಹಂಗಾದ್ರೆ ಇವ್ರಿಗೆ ಈ ಮಾತ್ರೆ ಕೆಲಸ ಮಾಡ್ತಿಲ್ಲ. ಬೇರೇದೇ ನೋಡ್ಬೇಕು, ಬೆಂಗಳೂರಿಗೆ ಕಳಿಸ್ತೀನಿ" ಎನ್ನುತ್ತಾ ಅವರು ಚೀಟಿ ಬರೆಯತೊಡಗಿದರು.

ನನ್ನ ಒಂದು ಸುಳ್ಳಿಗೆ ಗಂಡನ ಔಷಧಿಯೇ ಬದಲಾಗುತ್ತಿತ್ತು. ಕಣ್ಣೆದುರೇ ನಡೆಯುತ್ತಿದ್ದರೂ ನನ್ನ ಹಾಳು ನಾಲಿಗೆ ಏಳಲಿಲ್ಲ. ಇಂಥ ಹೆಂಡತಿ ಯಾವ ಶತ್ರುವಿಗೂ ಬೇಡ.

ಕಂಬಳಿಯೊಳಗಿಂದ ಗಂಡನ ದನಿ ಬಂತು. "ಹಾಲು ಕುಡ್ದಿಲ್ಲ ಸಾರ್. ಅವ್ಳು ಕೊಟ್ಲು, ನಾನೇ ಬ್ಯಾಡ ಅಂದ್ಬುಟ್ಟೆ."

ಡಾಕ್ಟರು ಚೀಟಿ ಹರಿದು ಅವನಿಗೆ ಹಿಗ್ಗಾಮುಗ್ಗಾ ಬೈದರು. ಹಲ್ಲು ಕಟಕಟಿಸುತ್ತಲೇ ಅವನು ಎಲ್ಲ ಬೈಗುಳ ಕೇಳಿಸಿಕೊಂಡ. ಅತ್ತೆ ನೆಲ ನೋಡುತ್ತಿದ್ದರು.

ಅದೇ ಮಾತ್ರೆ, ಈ ಸಲ ಡಾಕ್ಟರ ಎದುರಲ್ಲೇ. ಹೊರಗಿನ ಹೋಟೆಲಿನಿಂದ ನಾನು ಒಂದು ಲೋಟ ಕೆನೆಹಾಲು ತಂದೆ. ಗಂಡ ಕುಡಿದು ಮುಗಿಸಿ, ಬಾಯೊರೆಸಿಕೊಂಡು, ಹೆದರಿ ಹೆದರಿ ನನ್ನನ್ನು ಕೇಳಿದ.

"ಇನ್ನೊಸಿ ಐತಾ?"