ಈರವ್ವನ ಹೊಲದ ಎರಡು ಬಗೆಯ ಚಿಗುರು

ಕೊರೋನಾ ಕಳೆದ ಮರುವರ್ಷ ನಾನು ಬೈಲಹೊಂಗಲ ಭಾಗದಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಮೀಟಿಂಗಿನಲ್ಲಿ ಎಷ್ಟೋ ಸಲ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಗಿಡದ ಮುಂದೆ ನಿಂತಾಗ ಮಾತ್ರ ಯಾರ ಮುಲಾಜಿಗೂ ಬಿದ್ದವಳಲ್ಲ. ಅದಕ್ಕೇ ಮೊಂಡಿ ಎಂಬ ಹೆಸರು ಬಂತು. ಬರಲಿ.

ಎಂ.ಕೆ. ಹುಬ್ಬಳ್ಳಿ ಹತ್ತಿರದ ಹಳ್ಳಿಯ ಈರವ್ವ, ಸುತ್ತ ಕಬ್ಬಿನ ಹೊಲಗಳಿರುವಾಗ ಹಟ ಹಿಡಿದು ಎರಡೆಕರೆಯಲ್ಲಿ ಆಪೂಸ ಹಚ್ಚಿದ್ದರು. ಆಪೂಸ ಎಂದರೆ ಆಲ್ಫಾನ್ಸೋ ಮಾವು. ಮನೆಯವರ ಒಪ್ಪಿಗೆ ಅರೆಮನಸ್ಸಿನದು. ಗಿಡ ಕೈಕೊಟ್ಟರೆ ಕಿತ್ತು ಕಬ್ಬು ಹಾಕುವುದೆಂದು ಮೊದಲೇ ಮಾತಾಗಿತ್ತು. ಸಸಿ ಹಚ್ಚಿ ವರ್ಷವಾದ ಮೇಲೆ, ಕೆಲವು ಸಾಲುಗಳಿಗೆ ರೋಗ ಬಂದಿದೆಯೇ ನೋಡಿ ಎಂದು ನನ್ನನ್ನು ಕರೆಸಿದರು.

ರೋಗವಿರಲಿಲ್ಲ. ಒಂದೇ ಮಣ್ಣು, ಒಂದೇ ನೀರು. ಆದರೂ ಅರ್ಧ ಹೊಲ ಚಿಗುರೊಡೆದಿತ್ತು, ಉಳಿದರ್ಧ ಸುಮ್ಮನೆ ನಿಂತಿತ್ತು. ಚಿಗುರುವ ಕಾಲ ತಳಿಯಿಂದ ತಳಿಗೆ ಬೇರೆಯಾಗುವುದುಂಟು. ಎರಡೂ ಕಡೆಯ ಬಲಿತ ಎಲೆ ಕಿತ್ತು ನೋಡಿದೆ. ಒಂದು ಅಗಲ, ಇನ್ನೊಂದು ಚಿಕ್ಕದು, ಸಪೂರ. ಹಿಸುಕಿ ಮೂಸಿದರೆ ವಾಸನೆಯೂ ಬೇರೆ. ಅರ್ಧ ಹೊಲದಲ್ಲಿ ನಿಂತದ್ದು ಆಪೂಸಲ್ಲ, ನೀಲಂ. ನೀಲಂ ಕೆಟ್ಟ ತಳಿಯೇನಲ್ಲ, ಆದರೆ ಆಕೆ ಮನೆಯವರನ್ನು ಎದುರು ಹಾಕಿಕೊಂಡದ್ದು ಆಪೂಸಿಗಾಗಿ.

ಸಸಿ ಕೊಟ್ಟ ನರ್ಸರಿಯ ಬಸಲಿಂಗಪ್ಪ ಊರಿಗೆ ಬೇಕಾದ ಮನುಷ್ಯ. ನಾನೂ ಈರವ್ವನೂ ಹೋದಾಗ ಅಲ್ಲಿ ನಾಲ್ಕು ಜನ ಹಿರಿಯರೂ ಕೂತಿದ್ದರು. ಎಲೆ ತೋರಿಸಿ ಇದು ನೀಲಂ ಎಂದಾಗ ಅವರ ಮುಂದೆಯೇ ಆತ ನಕ್ಕ.

“ಮೇಡಂ, ಎಲಿ ನೋಡಿ ಜಾತಿ ಹೇಳಾಕ ಆಕ್ಕೈತೇನ್ರಿ? ಕಾಯಿ ಬಿಡ್ಲಿ, ಆಮ್ಯಾಲ ಮಾತಾಡೂಣು.”

ಹಿರಿಯರೂ ಅದೇ ಸರಿ ಎಂದರು. ನನಗೆ ಮೈಯೆಲ್ಲ ಉರಿಯಿತು.

“ಕಾಯಿ ಬಿಡೂತನಕ ಈರವ್ವ ನೀರು ಹಾಕಿದ ವರ್ಷ ಎಲ್ಲಾ ಹಾಳಾಗಿ ಹೊಕ್ಕಾವು. ಅವನ್ನ ನೀವು ತಿರುಗಿ ಕೊಡ್ತೀರೇನ್ರಿ? ನಿಮ್ಮ ತೋಟದಾಗಿನ ಯಾವ ಎಲಿ ಬೇಕಾದ್ರೂ ತರ್ರಿ, ಇಲ್ಲೇ ಹೇಳತೇನಿ.”

ಆತ ತಂದ. ಮೊದಲನೆಯದು ತೋತಾಪುರಿ, ಹೇಳಿದೆ. ಆಮೇಲೆ ಒಂದು ದಪ್ಪ ಎಲೆ, ಒಂದು ತೆಳು ಎಲೆ ಕೊಟ್ಟು ಎರಡು ತಳಿ ಎಂದ. ಎರಡೂ ಒಂದೇ ತಳಿಯವು, ಒಂದು ಬಿಸಿಲಲ್ಲಿ ಬೆಳೆದದ್ದು, ಒಂದು ನೆರಳಿನದು ಎಂದೆ. ಕೊನೆಯದು ಇನ್ನೂ ಬಲಿಯದ ಎಳೆ ಎಲೆ. ಇಷ್ಟು ಎಳೆಯದರಲ್ಲಿ ತಳಿ ಹೇಳುವುದಕ್ಕೆ ನನಗೆ ಬರುವುದಿಲ್ಲ ಎಂದೆ. ಬರದ್ದನ್ನು ಬರುತ್ತದೆ ಎನ್ನುವ ಚಾಳಿ ನನಗಿಲ್ಲ.

ನಂತರ ಆಪೂಸಿನ ತಾಯಿಗಿಡ ತೋರಿಸಿರೆಂದು ಪಟ್ಟು ಹಿಡಿದೆ. ಕಸಿ ಕಟ್ಟುವ ಕುಡಿ ಕಡಿಯುವುದು ಆ ಗಿಡದಿಂದಲೇ. ಹೋಗಿ ನೋಡಿದರೆ ಸುತ್ತಲೂ ದಪ್ಪ ಟೊಂಗೆಗಳನ್ನೇ ಕೊಡಲಿಯಿಂದ ಕಡಿದ ಗುರುತು. ಕುಡಿಗಾಗಿ ಯಾರೂ ಹಾಗೆ ಕಡಿಯುವುದಿಲ್ಲ. ಆಮೇಲೆ ಬಂದ ರೆಂಬೆಗಳ ವಯಸ್ಸು ನೋಡಿದರೆ, ಈರವ್ವನ ಸಸಿ ಕಟ್ಟಿದ ಕಾಲಕ್ಕೆ ಈ ಗಿಡ ಹೆಚ್ಚುಕಡಿಮೆ ಬೋಳಾಗಿತ್ತು. ಹಾಗಾದರೆ ಅಷ್ಟೊಂದು ಕುಡಿ ಎಲ್ಲಿಂದ ಬಂತು ಎಂದು ಕೇಳಿದೆ.

ಬಸಲಿಂಗಪ್ಪ ಗಿಡಕ್ಕೆ ಕೈ ಆನಿಸಿ ನಿಂತ.

“ಮಗಳ ಮದುವಿ ಇತ್ರಿ. ಹಂದರಕ್ಕ ನಮ್ಮ ಆಪೂಸಿನ ತೊಪ್ಪಲಾನ ಆಗಬೇಕಂತ ನಾನ ಹಟ ಮಾಡಿ ಕಡಿಸಿದೆ. ಕುಡಿ ಸಾಲಲಿಲ್ಲ. ಬಾಜೂಕಿನ ನೀಲಂದು ಕಟ್ಟಿದೆ.”

ಒಬ್ಬ ಹಿರಿಯರು, ಮದುವೆ ಮನೆಯ ಮಾತು, ದೊಡ್ಡದು ಮಾಡಬೇಡಿ ಎಂದರು. ಆಗ ಈರವ್ವ ಮುಂದೆ ಬಂದರು.

“ನಿನ್ನ ಮಗಳು ಚಲೋ ಇರ್ಲಿ, ಬಸಲಿಂಗಪ್ಪ. ಖರೆ ಆಕಿ ಹಂದರಕ್ಕ ನನ್ನ ಹೊಲ ಯಾಕ ಸುಡಬೇಕು?”

ಆ ಮಳೆಗಾಲ ಬಸಲಿಂಗಪ್ಪನೇ ಆಕೆಯ ಹೊಲಕ್ಕೆ ಬಂದು ನೀಲಂ ಗಿಡಗಳ ತಲೆ ಕತ್ತರಿಸಿ, ಅವುಗಳ ಮೇಲೆಯೇ ಆಪೂಸಿನ ಕುಡಿ ಕಟ್ಟಿದ. ಗಿಡ ಎಳೆಯದಾಗಿದ್ದುದರಿಂದ ಕೆಲಸ ಸಲೀಸಾಯಿತು. ನಾನು ಒಂದೊಂದು ಕುಡಿಯನ್ನೂ ನೋಡಿದ ಮೇಲೆಯೇ ಕಟ್ಟಲು ಬಿಟ್ಟೆ.

ಕಾಯಿ ಬರಲಿ ನೋಡೋಣ ಎನ್ನುವವರು ಈಗಲೂ ನನಗೆ ಸಿಗುತ್ತಾರೆ. ಹಣ್ಣು ಬಾಯಿಗೆ ಬಂದ ಮೇಲೆ ತಳಿ ಹೇಳುವುದಕ್ಕೆ ಅಧಿಕಾರಿ ಯಾಕೆ ಬೇಕು, ನಾಲಿಗೆ ಸಾಕು. ಎಲೆಯಿರುವಾಗಲೇ ಹೇಳಲಿ ಎಂದೇ ನನಗೆ ಸಂಬಳ ಕೊಡುತ್ತಿದ್ದರು.